ಜಪಾನಿ ಮನೆಗೆ ವಾರಾಂತ್ಯದ ಅತಿಥಿಯಾಗಿ ಹೋಗುವ ಮುನ್ನ: ಕಲಬುರಗಿ ಕಡೆಯ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಜಪಾನಿನಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿನ ಕುಟುಂಬವೊಂದರ ಜೊತೆ ಶನಿವಾರ, ಭಾನುವಾರ ಕಳೆಯುವ ಅವಕಾಶವು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದಿಂದ, ಇಲ್ಲವೇ ಆಯಾ ನಗರದ ಅಥವಾ ಪ್ರಾಂತ್ಯದ ಅಂತರರಾಷ್ಟ್ರೀಯ ವಿನಿಮಯ ಸಂಘದಿಂದ ಬರುತ್ತದೆ. ಇದನ್ನು ಪೇಯಿಂಗ್ ಗೆಸ್ಟ್ ವ್ಯವಸ್ಥೆಯೆಂದು ತಿಳಿಯಬಾರದು. ಇಂಥ ಕಾರ್ಯಕ್ರಮಗಳಲ್ಲಿ ಎಷ್ಟೋ ಕುಟುಂಬಗಳು ಬಾಡಿಗೆ ಪಡೆಯದೆ, ತಮ್ಮ ರಜೆಯ ಎರಡು ದಿನಗಳನ್ನು ಮುಖ ಪರಿಚಯವೂ ಇಲ್ಲದ ಪರದೇಶದ ವಿದ್ಯಾರ್ಥಿಗೆ ಬಿಟ್ಟುಕೊಡುತ್ತವೆ. ನಾನು ಕಲಬುರಗಿಯಿಂದ ಹೋಗಿ ಓದುತ್ತಿದ್ದ ದಿನಗಳಲ್ಲಿ ಹೀಗೆ ಮೂರು ಮನೆಗಳಲ್ಲಿ ಉಳಿದಿದ್ದೇನೆ. ಮೊದಲ ಮನೆಯಲ್ಲಿ ಆದ ಮುಜುಗರಗಳನ್ನೆಲ್ಲ ಈಗ ಲೆಕ್ಕ ಹಾಕಿದರೆ, ಅವುಗಳಲ್ಲಿ ಮುಕ್ಕಾಲು ಪಾಲು ನಾನು ಆ ಮನೆಯ ಹೊಸ್ತಿಲು ತುಳಿಯುವ ಮೊದಲೇ, ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಅರ್ಜಿಯನ್ನು ಅವಸರದಲ್ಲಿ ತುಂಬುವಾಗಲೇ ಹುಟ್ಟಿದ್ದವು ಎಂದು ಕಾಣುತ್ತದೆ. ಆದ್ದರಿಂದ ಈ ಕೈಪಿಡಿಯನ್ನೂ ಅರ್ಜಿಯಿಂದಲೇ ಆರಂಭಿಸುತ್ತೇನೆ.

ಅರ್ಜಿ ತುಂಬುವಾಗ

ನಮ್ಮ ಭಾಗದಲ್ಲಿ ಯಾರಾದರೂ ಮನೆಗೆ ಕರೆದು ‘ಏನು ಉಣ್ತೀರಿ’ ಎಂದು ಕೇಳಿದರೆ ‘ಏನಾದ್ರೂ ನಡೀತದ್ರೀ’ ಎಂದು ಉತ್ತರಿಸುವುದೇ ಸೌಜನ್ಯ. ಆಹಾರದ ವಿಷಯದಲ್ಲಿ ಷರತ್ತು ಹಾಕುವುದು ಕರೆದವರಿಗೆ ತೊಂದರೆ ಕೊಟ್ಟಂತೆ ಎಂಬ ಸಂಕೋಚ ನಮಗೆ ಚಿಕ್ಕಂದಿನಿಂದಲೂ ರೂಢಿಯಾಗಿದೆ. ಜಪಾನಿ ಗೃಹಿಣಿಗೆ ಇದೇ ಉತ್ತರ ದೊಡ್ಡ ತಲೆನೋವು. ಆಕೆ ಅತಿಥಿ ಬರುವ ಹಲವು ದಿನ ಮೊದಲೇ ಪ್ರತಿ ಹೊತ್ತಿನ ಊಟವನ್ನು ಯೋಚಿಸಿ, ಪಟ್ಟಿ ಮಾಡಿ, ಸಾಮಾನು ತಂದಿಡುತ್ತಾಳೆ. ಅರ್ಜಿಯಲ್ಲಿ ನೀವು ಬರೆದ ಎರಡು ಸಾಲುಗಳೇ ಆಕೆಗೆ ಆಧಾರ. ಮೊದಲು ತಿಳಿಸದೆ ಊಟದ ಮೇಜಿನ ಮುಂದೆ ಕುಳಿತ ಮೇಲೆ ತಿಳಿಸಿದರೆ, ಆಕೆ ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ, ತಾನೇ ತಪ್ಪು ಮಾಡಿದೆನೆಂದು ಪದೇ ಪದೇ ಕ್ಷಮೆ ಕೇಳುತ್ತಾಳೆ. ಆ ಕ್ಷಮೆಯನ್ನು ಕೇಳಿಸಿಕೊಳ್ಳುವುದು ಬೈಗುಳ ಕೇಳಿಸಿಕೊಳ್ಳುವುದಕ್ಕಿಂತ ಕಷ್ಟ.

ಸಸ್ಯಾಹಾರಿಗಳು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ನಾನು ಮೊದಲ ಸಲ ‘ವೆಜಿಟೇರಿಯನ್’ ಎಂಬ ಒಂದೇ ಪದ ಬರೆದು ಸುಮ್ಮನಾಗಿದ್ದೆ. ರಾತ್ರಿಯ ಊಟಕ್ಕೆ ತರಕಾರಿಯ ಸಲಾಡ್ ಬಂತು, ಅದರ ಮೇಲೆ ಟ್ಯೂನಾ ಮೀನಿನ ಚೂರುಗಳಿದ್ದವು. ಜಪಾನಿ ಮಾತಿನಲ್ಲಿ ‘ನಿಕು’ ಎಂದರೆ ಮಾಂಸ. ಮೀನು, ಅಂದರೆ ‘ಸಕಾನಾ’, ಆ ಲೆಕ್ಕದಲ್ಲಿ ಬರುವುದಿಲ್ಲ. ಹ್ಯಾಮ್, ಬೇಕನ್‌ಗಳ ಸಣ್ಣ ತುಂಡುಗಳನ್ನು ಕೆಲವರು ರುಚಿಗೆ ಹಾಕುವ ವಸ್ತುವೆಂದೇ ಎಣಿಸುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ‘ದಾಶಿ’ ಎಂಬ ತಿಳಿಸಾರು. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಜಪಾನಿ ಅಡುಗೆಗೆ ದಾಶಿ ಹಾಗೆ: ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ನೂಡಲ್ಸಿನ ಸಾರಿನಲ್ಲಿ, ಟೆಂಪುರಾ ಅದ್ದಿಕೊಳ್ಳುವ ರಸದಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಹೆಚ್ಚಾಗಿ ‘ಕತ್ಸುಒಬುಶಿ’ ಎಂಬ ಒಣಮೀನಿನ ಹೆರಕಲಿನಿಂದಲೋ ‘ನಿಬೋಶಿ’ ಎಂಬ ಸಣ್ಣ ಒಣಮೀನಿನಿಂದಲೋ ತೆಗೆಯುತ್ತಾರೆ. ಅಂಗಡಿಯಲ್ಲಿ ಸಿಗುವ, ಕರೀ ಮಾಡಲು ಬಳಸುವ ಮಸಾಲೆಯ ಗಟ್ಟಿಗಳಲ್ಲಿಯೂ ಪ್ರಾಣಿಗಳ ಕೊಬ್ಬು ಇರುವುದು ಸಾಮಾನ್ಯ.

ಆದ್ದರಿಂದ ಅರ್ಜಿಯಲ್ಲಿ ತಿನ್ನದಿರುವುದರ ಪಟ್ಟಿಯನ್ನು ಬಿಡಿಬಿಡಿಯಾಗಿ ಬರೆಯಿರಿ: ದನ, ಹಂದಿ, ಕೋಳಿ, ಮೀನು, ಸೀಗಡಿ, ಏಡಿ, ಮೊಟ್ಟೆ, ಮೀನಿನ ದಾಶಿ. ಅದರ ಕೆಳಗೆ ತಿನ್ನುವುದರ ಪಟ್ಟಿಯನ್ನು ಇನ್ನೂ ಉದ್ದವಾಗಿ ಬರೆಯಿರಿ, ಏಕೆಂದರೆ ಬೇಡದ್ದರ ಪಟ್ಟಿಯನ್ನಷ್ಟೇ ಓದಿದ ಮನೆಯಾಕೆಗೆ ಉಳಿದದ್ದೇನೆಂಬುದೇ ತೋಚುವುದಿಲ್ಲ. ಅನ್ನ, ತೋಫು, ಎಲ್ಲ ತರಕಾರಿ, ಅಣಬೆ, ಹಣ್ಣು, ಹಾಲು, ಮೊಸರು, ‘ಕೊಂಬು’ ಎಂಬ ಕಡಲಕಳೆಯಿಂದ ಅಥವಾ ಒಣಗಿದ ಶಿಯಿತಾಕೆ ಅಣಬೆಯಿಂದ ತೆಗೆದ ದಾಶಿ ಇವೆಲ್ಲ ಆಗುತ್ತವೆ ಎಂದು ತಿಳಿಸಿದರೆ ಆಕೆಯ ಕೆಲಸ ಅರ್ಧ ಹಗುರಾಗುತ್ತದೆ. ಇನ್ನೊಂದು ಉಪಾಯವೂ ಇದೆ. ಬೌದ್ಧ ಮಠಗಳ ಸಸ್ಯಾಹಾರಕ್ಕೆ ‘ಶೋಜಿನ್ ರ್ಯೋರಿ’ ಎಂದು ಹೆಸರು, ಮತ್ತು ಅದು ಜಪಾನಿನಲ್ಲಿ ಎಲ್ಲರಿಗೂ ತಿಳಿದ ಮಾತು. ‘ಶೋಜಿನ್ ರ್ಯೋರಿಯಂಥ ಊಟ’ ಎಂದು ಬರೆದರೆ ಒಂದು ಪುಟದ ವಿವರಣೆ ಉಳಿಯುತ್ತದೆ. ಆದರೆ ಆ ಪದ್ಧತಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧವಾದ್ದರಿಂದ, ಉಳ್ಳಾಗಡ್ಡಿ ಇಲ್ಲದೆ ಊಟ ಇಳಿಯದ ನಮ್ಮವರು ಅವೆರಡೂ ತಮಗೆ ಆಗುತ್ತವೆ ಎಂದು ಪಕ್ಕದಲ್ಲಿ ಸೇರಿಸಬೇಕು.

ಮುಸ್ಲಿಂ ವಿದ್ಯಾರ್ಥಿಗಳು ಹಂದಿಮಾಂಸ ಬೇಡವೆಂದಷ್ಟೇ ಬರೆದರೆ ಸಾಲದು. ಅಡುಗೆಗೆ ಬಳಸುವ ‘ಮಿರಿನ್’ ಮತ್ತು ‘ರ್ಯೋರಿಶು’ ಎರಡೂ ಮದ್ಯದ ಅಂಶವುಳ್ಳ ದ್ರವಗಳು. ಇವುಗಳ ಜೊತೆಗೆ ಹಂದಿಯ ಕೊಬ್ಬು ಮತ್ತು ಜೆಲಾಟಿನ್ ಬೇಡವೆಂಬುದನ್ನೂ ಹೆಸರಿಸಿ ತಿಳಿಸಬೇಕು. ನಮಾಜಿಗೆ ಒಂದು ಮೂಲೆ, ದಿನಕ್ಕೆ ಇಷ್ಟು ಸಲ, ಪ್ರತಿ ಸಲ ಇಷ್ಟು ನಿಮಿಷ ಎಂದು ಲೆಕ್ಕ ಕೊಟ್ಟರೆ ಮನೆಯವರು ಹೊರಗೆ ಹೋಗುವ ಹೊತ್ತನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಜಪಾನಿನಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಪಶ್ಚಿಮ ಮತ್ತು ವಾಯವ್ಯ ದಿಕ್ಕುಗಳ ನಡುವೆ ಬರುತ್ತದೆ, ಫೋನಿನ ದಿಕ್ಸೂಚಿಯಲ್ಲಿ ನೋಡಿಕೊಳ್ಳಬಹುದು. ನಾಯಿ, ಬೆಕ್ಕುಗಳ ಕುರಿತ ಪ್ರಶ್ನೆಯೂ ಅರ್ಜಿಯಲ್ಲಿ ಇರುತ್ತದೆ. ಭಯವಿದ್ದರೆ ಇದೆ ಎಂದೇ ಬರೆಯಿರಿ.

ಇಷ್ಟಲಿಂಗ ಪೂಜೆ ಮಾಡುವವರು ಬೆಳಗಿನ ಸ್ನಾನ ಮತ್ತು ಅರ್ಧ ಗಂಟೆಯ ಏಕಾಂತ ಬೇಕೆಂದು ಬರೆಯುವುದು ಒಳ್ಳೆಯದು, ಏಕೆಂದರೆ ಜಪಾನಿಗಳು ಹೆಚ್ಚಾಗಿ ರಾತ್ರಿ ಸ್ನಾನ ಮಾಡುವವರು, ಬೆಳಿಗ್ಗೆ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದರೆ ಏನೋ ಆಯಿತೆಂದು ಗಾಬರಿಯಾಗಬಹುದು. ಹಳೆಯ ಮನೆಗಳಲ್ಲಿ ‘ಬುತ್ಸುದಾನ್’ ಎಂಬ ಹಿರಿಯರ ಪೂಜಾಪೆಟ್ಟಿಗೆ ಇದ್ದು ಅದರ ಮುಂದೆ ಅವರೂ ಧೂಪ ಹಚ್ಚುತ್ತಾರೆ, ಹೀಗಾಗಿ ನಿಮ್ಮ ಪೂಜೆ ಅವರಿಗೆ ವಿಚಿತ್ರವೆನಿಸದು. ಆದರೂ ಊದುಬತ್ತಿ ಹಚ್ಚುವ ಮೊದಲು ಕೇಳಿಯೇ ಹಚ್ಚಬೇಕು. ಹಣೆಯ ವಿಭೂತಿಯ ಬಗ್ಗೆ ಮಕ್ಕಳು ಖಂಡಿತ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಎರಡು ಸರಳ ವಾಕ್ಯಗಳ ಉತ್ತರವನ್ನು ಜಪಾನಿಯಲ್ಲಿ ಕಲಿತುಕೊಂಡು ಹೋಗಿ.

ಅರ್ಜಿಯ ಜೊತೆ ಒಂದು ಪುಟದ ಪರಿಚಯ ಪತ್ರವನ್ನೂ ಕೇಳುವುದುಂಟು. ಅದರಲ್ಲಿ ಊರನ್ನು ವಿವರಿಸುವಾಗ ‘ಬೆಂಗಳೂರಿನ ಹತ್ತಿರ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅವರು ನಕ್ಷೆ ತೆಗೆದು ನೋಡುವ ಜನ. ಕಲಬುರಗಿಗೂ ಬೀದರಿಗೂ ಬೆಂಗಳೂರಿಗಿಂತ ಹೈದರಾಬಾದೇ ಹೆಚ್ಚು ಹತ್ತಿರ ಎಂಬುದು ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೈಯಲ್ಲಿ ಒಯ್ಯುವ ಉಡುಗೊರೆ

ಬರಿಗೈಯಲ್ಲಿ ಹೋಗಬಾರದೆಂಬುದು ನಮಗೂ ಅವರಿಗೂ ಸಮಾನವಾದ ನಿಯಮ. ಅಲ್ಲಿ ಇದಕ್ಕೆ ‘ತೆಮಿಯಾಗೆ’ ಎನ್ನುತ್ತಾರೆ. ಬೆಲೆಬಾಳುವ ವಸ್ತು ಕೊಟ್ಟರೆ ಅಷ್ಟೇ ತೂಕದ ಮರುಉಡುಗೊರೆ ಕೊಡಬೇಕಾದ ಹೊರೆ ಅವರ ಮೇಲೆ ಬೀಳುತ್ತದೆ, ಆದ್ದರಿಂದ ಚಿಕ್ಕದಾದ, ಊರಿನ ಗುರುತುಳ್ಳ ವಸ್ತುವೇ ಉತ್ತಮ. ಈ ವಿಷಯದಲ್ಲಿ ನಮ್ಮ ಭಾಗದವರ ಭಾಗ್ಯ ದೊಡ್ಡದು. ಬಿದರಿ ಕೆಲಸದ ಒಂದು ಪುಟ್ಟ ಡಬ್ಬಿ, ಪುಸ್ತಕದ ಗುರುತುಪಟ್ಟಿ ಅಥವಾ ಕೀಲಿಗೊಂಚಲಿಗಿಂತ ಹೊಂದುವ ಉಡುಗೊರೆಯನ್ನು ನಾನಂತೂ ಕಂಡಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹವನ್ನು ಎರಕ ಹೊಯ್ದು, ಚಿತ್ತಾರ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಲೋಹವನ್ನಷ್ಟೇ ಕಪ್ಪಾಗಿಸುತ್ತಾರೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಜಪಾನಿಗಳಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ. ಲೋಹದಲ್ಲಿ ಲೋಹ ಕೂರಿಸುವ ‘ಜೋಗಾನ್’ ಎಂಬ ಕಲೆ ಅವರಲ್ಲಿಯೂ ಇದೆ, ಕ್ಯೋಟೊ ಮತ್ತು ಕುಮಾಮೊಟೊ ಅದಕ್ಕೆ ಹೆಸರಾದ ಊರುಗಳು. ‘ಇಂದೊ ನೊ ಜೋಗಾನ್ ದೆಸು’, ಅಂದರೆ ‘ಇದು ಭಾರತದ ಜೋಗಾನ್’, ಎಂದರೆ ಸಾಕು, ಮನೆಯ ಹಿರಿಯರು ಕನ್ನಡಕ ತರಲು ಏಳುತ್ತಾರೆ. ಕೋಟೆಯ ಮಣ್ಣಿನ ಕತೆಯನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ.

ತಿನಿಸು ಒಯ್ಯುವವರು ಎರಡು ವಿಷಯ ನೆನಪಿಡಬೇಕು. ಮೊದಲನೆಯದು ಗಡಿಯ ತಪಾಸಣೆ: ಮಾವಿನಹಣ್ಣಿನಂಥ ಹಸಿ ಹಣ್ಣು, ಮಾಂಸದ ಪದಾರ್ಥ ಇವುಗಳನ್ನು ಜಪಾನಿಗೆ ಹಾಗೆಯೇ ಒಯ್ಯಲು ಬಿಡುವುದಿಲ್ಲ, ಕಚ್ಚಾ ಕಾಳುಗಳೂ ಸಸ್ಯ ತಪಾಸಣೆಗೆ ಒಳಪಡುತ್ತವೆ. ನಮ್ಮ ತೊಗರಿಯ ಹೆಮ್ಮೆ ಎಷ್ಟೇ ಇರಲಿ, ಚೀಲದಲ್ಲಿ ತುಂಬಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಬಿಟ್ಟುಬರುವುದು ಬೇಡ. ಎರಡನೆಯದು ಶೇಂಗಾ. ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಇಲ್ಲದೆ ನಮ್ಮ ಬುತ್ತಿ ಪೂರ್ಣವಾಗುವುದಿಲ್ಲ, ಆದರೆ ಜಪಾನಿನಲ್ಲಿ ಶೇಂಗಾ, ಗೋಧಿ, ಮೊಟ್ಟೆ, ಹಾಲು, ಬಕ್‌ವೀಟ್ ಇವೆಲ್ಲ ಪೊಟ್ಟಣದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿಯ ಪದಾರ್ಥಗಳು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೊಡುವ ಮೊದಲೇ ಪತ್ರದಲ್ಲಿ ಕೇಳಿ ತಿಳಿಯಬೇಕು.

ಸಂಖ್ಯೆಯ ಕಡೆಗೂ ಗಮನವಿರಲಿ. ನಾಲ್ಕು ಎಂಬುದರ ಒಂದು ಉಚ್ಚಾರಣೆ ‘ಶಿ’, ಸಾವು ಎಂಬುದಕ್ಕೂ ಅದೇ ಉಚ್ಚಾರಣೆ, ಹಾಗಾಗಿ ನಾಲ್ಕು ವಸ್ತುಗಳ ಕಟ್ಟು ಕೊಡುವುದಿಲ್ಲ. ಉಡುಗೊರೆಯನ್ನು ಒಳಗೆ ಕುಳಿತ ಮೇಲೆ, ಕೈಚೀಲದಿಂದ ಹೊರತೆಗೆದು, ಎರಡೂ ಕೈಗಳಿಂದ ಕೊಡಬೇಕು. ಅವರು ಅದನ್ನು ನಿಮ್ಮ ಮುಂದೆ ಬಿಚ್ಚದೆ ಪಕ್ಕಕ್ಕೆ ಇಟ್ಟರೆ ಬೇಸರಪಡಬೇಕಾಗಿಲ್ಲ, ಅದು ಹಳೆಯ ಮರ್ಯಾದೆ.

ತಲುಪುವುದು

ಹನ್ನೊಂದು ಗಂಟೆ ಎಂದರೆ ಅಲ್ಲಿ ಹನ್ನೊಂದೇ ಗಂಟೆ. ನಮ್ಮಲ್ಲಿ ‘ಇಲ್ಲೇ ಅದೀನ್ರಿ, ಐದು ಮಿನಿಟು’ ಎಂದು ಸೂಪರ್ ಮಾರ್ಕೆಟ್ಟಿನಿಂದ ಹೇಳಿ ಜಗತ್ ಸರ್ಕಲ್ಲಿನಲ್ಲಿ ಚಹಾ ಕುಡಿಯುವ ಅಭ್ಯಾಸವುಳ್ಳವರು ಇದಕ್ಕಾಗಿ ಒಂದು ರೈಲು ಮೊದಲೇ ಹೊರಡುವುದು ಕ್ಷೇಮ. ಕುಟುಂಬದವರು ಸಾಮಾನ್ಯವಾಗಿ ನಿಲ್ದಾಣದ ಟಿಕೆಟ್ ಗೇಟಿನ ಬಳಿ ಕಾಯುತ್ತಾರೆ. ಅದಕ್ಕೆ ‘ಕಾಯ್ಸತ್ಸುಗುಚಿ’ ಎಂದು ಹೆಸರು, ಮತ್ತು ದೊಡ್ಡ ನಿಲ್ದಾಣದಲ್ಲಿ ಅಂಥ ಗೇಟುಗಳು ಹಲವಾರು. ಉತ್ತರದ್ದೋ ದಕ್ಷಿಣದ್ದೋ ಎಂದು ಹಿಂದಿನ ದಿನವೇ ಕೇಳಿ ಬರೆದುಕೊಳ್ಳದಿದ್ದರೆ, ಸಮಯಕ್ಕೆ ಸರಿಯಾಗಿ ತಲುಪಿಯೂ ಪರಸ್ಪರ ಹುಡುಕುತ್ತ ಅರ್ಧ ಗಂಟೆ ಹೋಗುತ್ತದೆ. ಮನೆಗೆ ನೇರವಾಗಿ ಹೋಗುವುದಾದರೆ ಹೇಳಿದ ಸಮಯಕ್ಕಿಂತ ಮುಂಚೆ ಬಾಗಿಲು ತಟ್ಟುವುದೂ ಸರಿಯಲ್ಲ. ಒಳಗೆ ಕೊನೆಯ ಗಳಿಗೆಯ ಗುಡಿಸು, ಒರೆಸು ನಡೆದಿರುತ್ತದೆ. ಯಾವಾಗಲೂ ಜೊತೆಗಿರಬೇಕಾದ ನಿವಾಸಿ ಗುರುತುಚೀಟಿ, ಆರೋಗ್ಯ ವಿಮೆಯ ದಾಖಲೆ, ಸ್ವಲ್ಪ ನಗದು, ಫೋನಿನ ಚಾರ್ಜರ್ ಇಷ್ಟು ಚೀಲದಲ್ಲಿರಲಿ. ತುರ್ತಿಗೆ ಪೊಲೀಸರ ಸಂಖ್ಯೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 119.

ಬಾಗಿಲು ದಾಟಿದ ಕೂಡಲೇ ಕಾಣುವ ತಗ್ಗು ಜಾಗಕ್ಕೆ ‘ಗೆಂಕಾನ್’ ಎನ್ನುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಾವು ತಪ್ಪುವುದು ಬೇರೆ ಕಡೆ: ಬೂಟು ಬಿಚ್ಚಿದ ಕಾಲನ್ನು ಆ ತಗ್ಗಿನ ನೆಲಕ್ಕೆ ಊರದೆ ನೇರವಾಗಿ ಮೇಲಿನ ಮೆಟ್ಟಿಲಿಗೆ ಇಡಬೇಕು, ಆಮೇಲೆ ತಿರುಗಿ ಬಗ್ಗಿ ಬೂಟುಗಳ ಮೂತಿ ಬಾಗಿಲ ಕಡೆಗಿರುವಂತೆ ಜೋಡಿಸಬೇಕು. ಒಳಗೆ ಹೋಗುವಾಗ ‘ಒಜಾಮಾ ಶಿಮಾಸು’ ಎನ್ನಬೇಕು, ‘ನಿಮಗೆ ತೊಂದರೆ ಕೊಡುತ್ತಿದ್ದೇನೆ’ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಮನೆಯ ಸ್ಲಿಪ್ಪರ್. ತತಾಮಿ ಚಾಪೆಯ ಕೋಣೆಗೆ ಅದನ್ನೂ ಬಿಟ್ಟು ಹೋಗಬೇಕು. ಶೌಚಾಲಯಕ್ಕೆ ಬೇರೆಯೇ ಸ್ಲಿಪ್ಪರ್ ಇರುತ್ತದೆ, ಅದನ್ನು ಮೆಟ್ಟಿಕೊಂಡೇ ಊಟದ ಕೋಣೆಗೆ ಬರುವುದು ವಿದೇಶಿಯರ ಹೆಸರಾಂತ ತಪ್ಪು. ಕಾಲುಚೀಲಗಳನ್ನು ಎರಡು ದಿನವೂ ಎಲ್ಲರೂ ನೋಡುತ್ತಾರಾದ್ದರಿಂದ ತೂತಿಲ್ಲದ ಮೂರು ಜೊತೆ ಒಯ್ಯಿರಿ.

ಶೌಚಾಲಯದಲ್ಲಿ ನೀರು ಸಿಗುವುದೋ ಇಲ್ಲವೋ ಎಂಬ ನಮ್ಮವರ ಮೊದಲ ಚಿಂತೆಗೆ ಅಲ್ಲಿ ಅವಕಾಶ ಕಡಿಮೆ. ‘ವಾಶ್‌ಲೆಟ್’ ಎಂದು ಹೆಸರಾದ ನೀರು ಚಿಮ್ಮಿಸುವ ಆಸನ 1980ರಲ್ಲಿ ಮಾರುಕಟ್ಟೆಗೆ ಬಂದು ಈಗ ಬಹುಪಾಲು ಮನೆಗಳಲ್ಲಿದೆ. ಗುಂಡಿ ಒತ್ತುವ ಮೊದಲು ನಿಲ್ಲಿಸುವ ಗುಂಡಿ ಯಾವುದೆಂದು ಗುರುತಿಸಿಕೊಳ್ಳಿ, ಉಳಿದದ್ದು ತಾನಾಗಿ ತಿಳಿಯುತ್ತದೆ.

ಸ್ನಾನ

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಒಬ್ಬರ ತಪ್ಪಿನ ಫಲವನ್ನು ಇಡೀ ಮನೆ ಅನುಭವಿಸಬೇಕಾಗುತ್ತದೆ. ಜಪಾನಿ ಬಚ್ಚಲಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು ಕಡೆ ನೆಲದ ಮೇಲೆ ಪುಟ್ಟ ಸ್ಟೂಲು, ಬೋಗುಣಿ, ಶವರ್. ಇನ್ನೊಂದು ಕಡೆ ಎದೆಯವರೆಗೆ ಬಿಸಿನೀರು ತುಂಬಿದ ತೊಟ್ಟಿ, ಅದರ ಮೇಲೆ ಮುಚ್ಚಳ. ಮೈಯನ್ನು ಸಾಬೂನು ಹಚ್ಚಿ ತೊಳೆಯುವುದು ಪೂರ್ಣವಾಗಿ ಮೊದಲ ಭಾಗದಲ್ಲಿ, ಸ್ಟೂಲಿನ ಮೇಲೆ ಕುಳಿತು ನಡೆಯಬೇಕು. ನಮ್ಮ ಹಳೆಯ ಬಚ್ಚಲಮನೆಯಲ್ಲಿ ಮಣೆಯ ಮೇಲೆ ಕುಳಿತು ಚೊಂಬಿನಿಂದ ನೀರು ಹೊಯ್ದುಕೊಂಡ ನೆನಪಿರುವವರಿಗೆ ಇದು ಸುಲಭ. ನಿಂತು ಶವರ್ ಹಿಡಿಯುವುದು ರೂಢಿಯಾದವರಿಗೇ ಕಷ್ಟ. ನೊರೆಯೆಲ್ಲ ಹೋದ ಮೇಲೆ, ಕೂದಲನ್ನು ಮೇಲೆ ಕಟ್ಟಿಕೊಂಡು, ಶುಭ್ರವಾದ ಮೈಯಲ್ಲಿ ತೊಟ್ಟಿಗೆ ಇಳಿಯಬೇಕು. ಆ ನೀರು ತೊಳೆದುಕೊಳ್ಳಲು ಅಲ್ಲ, ಮೈ ಕಾಯಿಸಿಕೊಳ್ಳಲು.

ಆ ಒಂದೇ ನೀರಿನಲ್ಲಿ ನಿಮ್ಮ ನಂತರ ಮನೆಯವರೆಲ್ಲ ಇಳಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಮರುದಿನ ಅದೇ ನೀರನ್ನು ಬಟ್ಟೆ ಒಗೆಯುವ ಯಂತ್ರಕ್ಕೂ ಬಳಸುತ್ತಾರೆ. ಹೀಗಾಗಿ ಹೊರಬಂದ ಮೇಲೆ ತೊಟ್ಟಿಯ ಬಿರಡೆ ತೆಗೆದು ನೀರು ಬಿಟ್ಟುಬಿಡುವುದು ದೊಡ್ಡ ಪ್ರಮಾದ. ನಾವು ‘ಬಳಸಿದ ನೀರನ್ನು ಹಾಗೇ ಬಿಟ್ಟು ಬರುವುದೇ’ ಎಂಬ ಸದುದ್ದೇಶದಿಂದಲೇ ಬಿರಡೆ ತೆಗೆಯುತ್ತೇವೆ, ಅಷ್ಟೊತ್ತಿಗೆ ಹೊರಗೆ ಅಜ್ಜ ಟವೆಲ್ ಹಿಡಿದು ತನ್ನ ಸರದಿಗೆ ಕಾಯುತ್ತಿರುತ್ತಾನೆ. ಮುಚ್ಚಳವನ್ನು ಮತ್ತೆ ಮುಚ್ಚಿ ಬರುವುದಷ್ಟೇ ನಿಮ್ಮ ಕೆಲಸ. ಅತಿಥಿಯನ್ನು ಮೊದಲು ಸ್ನಾನಕ್ಕೆ ಕಳಿಸುವುದು ಗೌರವ. ‘ದೋಝೊ ಒಸಾಕಿ ನಿ’ ಎಂದರೆ ‘ನೀವು ಮೊದಲು’ ಎಂದರ್ಥ, ಒಮ್ಮೆ ‘ಪರವಾಗಿಲ್ಲ’ ಎಂದು ನೋಡಿ, ಮತ್ತೆ ಹೇಳಿದರೆ ಒಪ್ಪಿಕೊಂಡು ಹೋಗಿಬಿಡಿ.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಹೆಣ್ಣುಮಕ್ಕಳು ಮತ್ತು ಗಂಡುಮಕ್ಕಳು ಆ ಎರಡು ದಿನ ಎಣ್ಣೆಯನ್ನು ಹಾಸ್ಟೆಲಿನಲ್ಲೇ ಬಿಟ್ಟು ಬರುವುದು ಉತ್ತಮ. ತೊಟ್ಟಿಯ ನೀರಿನ ಮೇಲೆ ತೇಲುವ ಎಣ್ಣೆಯ ಪದರ, ದಿಂಬಿನ ಬಿಳಿ ಹೊದಿಕೆಯ ಮೇಲಿನ ಕಲೆ, ಎರಡಕ್ಕೂ ಅವರು ಏನೂ ಅನ್ನುವುದಿಲ್ಲ, ಅದೇ ಸಂಕಟ. ನೀರು ಸುಮಾರು 40 ಡಿಗ್ರಿ ಅಥವಾ ಅದಕ್ಕೂ ತುಸು ಹೆಚ್ಚು ಬಿಸಿಯಿರುತ್ತದೆ. ಕಲಬುರಗಿಯ ಮೇ ತಿಂಗಳನ್ನು ದಾಟಿದವರಿಗೆ ಇದೇನು ಎನಿಸಬಹುದು, ಆದರೆ ಮೊದಲ ದಿನ ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ತಲೆ ಸುತ್ತುತ್ತದೆ.

ಕುಟುಂಬದವರು ಪ್ರೀತಿಯಿಂದ ಬಿಸಿನೀರಿನ ಬುಗ್ಗೆಗೆ, ಅಂದರೆ ‘ಒನ್ಸೆನ್‌’ಗೆ ಕರೆದೊಯ್ಯುವುದೂ ಉಂಟು. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳಗಳಿರುತ್ತವೆ, ಆದರೆ ಮೈಮೇಲೆ ಒಂದು ಎಳೆಯೂ ಇಲ್ಲದೆ ಇಳಿಯಬೇಕು, ಒಳಉಡುಪಿಗೂ ಅವಕಾಶವಿಲ್ಲ. ಹಚ್ಚೆ ಇದ್ದವರನ್ನು ಹಲವು ಕಡೆ ಬಿಡುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಇದು ಒಗ್ಗದ ಮಾತು. ಒಗ್ಗದಿದ್ದರೆ ಅದನ್ನೂ ಅರ್ಜಿಯಲ್ಲೇ ಬರೆಯಬಹುದು. ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು ಹಿಂದೆ ಸರಿದರೆ ಇಡೀ ಕುಟುಂಬದ ಭಾನುವಾರ ಕೆಡುತ್ತದೆ.

ಊಟದ ಮೇಜು

ಊಟಕ್ಕೆ ಮೊದಲು ‘ಇತದಾಕಿಮಾಸು’, ಮುಗಿದ ಮೇಲೆ ‘ಗೊಚಿಸೋಸಾಮಾ’. ಈ ಎರಡು ಮಾತು ಮರೆಯಬಾರದು. ಚಾಪ್‌ಸ್ಟಿಕ್ ಹಿಡಿಯಲು ಬಾರದಿದ್ದರೆ ಚಮಚ ಕೇಳಬಹುದು, ಅದರಲ್ಲಿ ಅವಮಾನವಿಲ್ಲ. ಆದರೆ ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಎಡೆ ಇಡುವ ಕ್ರಮ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ಅವರು ದಹನದ ನಂತರ ಅಸ್ಥಿಯನ್ನು ಹಾಗೆ ದಾಟಿಸುತ್ತಾರೆ. ಹೆಣದ ಮುಂದೆ ಮಾಡುವುದನ್ನು ಮನೆಯಲ್ಲಿ ಮಾಡಬಾರದೆಂಬ ತರ್ಕ ನಮಗೂ ಗೊತ್ತಿದ್ದದ್ದೇ, ಹಾಗಾಗಿ ಇವೆರಡು ಬೇಗ ಮನಸ್ಸಿನಲ್ಲಿ ಉಳಿಯುತ್ತವೆ.

ಮನಸ್ಸಿನಲ್ಲಿ ಉಳಿಯದೆ ಕಾಡುವುದು ಎಡಗೈ. ಊಟದಲ್ಲಿ ಎಡಗೈ ಮುಟ್ಟಿಸಬಾರದೆಂದು ಬೆಳೆದ ನಮಗೆ, ಅಲ್ಲಿ ಅನ್ನದ ಬಟ್ಟಲನ್ನೂ ಸೂಪಿನ ಬಟ್ಟಲನ್ನೂ ಎಡಗೈಯಲ್ಲಿ ಎತ್ತಿ ಹಿಡಿದೇ ಉಣ್ಣಬೇಕೆಂಬುದು ವಿಚಿತ್ರವಾಗಿ ಕಾಣುತ್ತದೆ. ಬಟ್ಟಲನ್ನು ಮೇಜಿನ ಮೇಲೇ ಬಿಟ್ಟು ಬಾಯಿಯನ್ನು ಅದರತ್ತ ಬಗ್ಗಿಸುವುದನ್ನು ಅವರು ನಾಯಿ ಉಣ್ಣುವ ರೀತಿ ಎಂದು ಬಗೆಯುತ್ತಾರೆ. ಹೋಗುವ ಮೊದಲು ಹಾಸ್ಟೆಲಿನಲ್ಲಿ ಒಂದು ವಾರ ಅಭ್ಯಾಸ ಮಾಡಿದರೆ ಕೈ ಒಪ್ಪಿಕೊಳ್ಳುತ್ತದೆ.

ಬಡಿಸುವ ವಿಷಯದಲ್ಲೂ ಒಂದು ಎಚ್ಚರ. ನಮ್ಮಲ್ಲಿ ‘ಸಾಕ್ರೀ’ ಎಂದರೆ ‘ಇನ್ನೊಮ್ಮೆ ಒತ್ತಾಯಿಸಿ’ ಎಂದು ಅರ್ಥ. ಮೂರನೆಯ ಸಲಕ್ಕೆ ರೊಟ್ಟಿ ತಟ್ಟೆಗೆ ಬಂದೇ ಬರುತ್ತದೆ. ಜಪಾನಿಗಳಲ್ಲಿಯೂ ತಮ್ಮತಮ್ಮೊಳಗೆ ಇಂಥ ಉಪಚಾರವಿದೆ, ಆದರೆ ವಿದೇಶಿ ಅತಿಥಿ ಬೇಡವೆಂದರೆ ಅದನ್ನು ನಿಜವೆಂದೇ ನಂಬಿ ಪಾತ್ರೆ ಒಳಗೆ ಒಯ್ಯುತ್ತಾರೆ. ನಾನು ಹೀಗೆ ಒಂದು ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದ್ದೇನೆ. ಹಸಿವಿದ್ದರೆ ‘ಒಕಾವಾರಿ’ ಎಂದು ಬಟ್ಟಲು ಮುಂದೆ ಹಿಡಿಯಿರಿ, ಮನೆಯಾಕೆಗೆ ಅದಕ್ಕಿಂತ ಸಂತೋಷದ ಮಾತಿಲ್ಲ. ಬಟ್ಟಲಿನಲ್ಲಿ ಅಗುಳು ಬಿಡದೆ ಉಣ್ಣುವುದು ಅಲ್ಲಿಯೂ ಶಿಷ್ಟಾಚಾರ.

‘ನಮಗೂ ಒಂದು ಹೊತ್ತು ನಿಮ್ಮ ಅಡುಗೆ ಮಾಡಿ ತೋರಿಸು’ ಎಂಬ ಕೋರಿಕೆ ಶನಿವಾರ ಸಂಜೆ ಬರುವುದು ಹೆಚ್ಚುಕಡಿಮೆ ನಿಶ್ಚಿತ. ಆಗ ಜೋಳದ ರೊಟ್ಟಿ ಬಡಿಯುವ ಸಾಹಸಕ್ಕೆ ಇಳಿಯಬೇಡಿ. ಹಲವು ಮನೆಗಳಲ್ಲಿ ಬೆಂಕಿಯ ಒಲೆಯ ಬದಲು ಇಂಡಕ್ಷನ್ ಒಲೆ ಇರುತ್ತದೆ, ಅದರ ಮೇಲೆ ರೊಟ್ಟಿಯನ್ನು ಉರಿಯಲ್ಲಿ ಉಬ್ಬಿಸಲು ಬರುವುದಿಲ್ಲ, ಹಿಟ್ಟು ಮಾತ್ರ ಅಡುಗೆಮನೆ ತುಂಬ ಹಾರುತ್ತದೆ. ಊರಿನಿಂದ ತಂದ ಕಡಕ್ ರೊಟ್ಟಿ ಇದ್ದರೆ ಅದೇ ಸಾಕು, ಮಕ್ಕಳು ಅದನ್ನು ‘ಸೆಂಬೆ’ ಎಂಬ ತಮ್ಮ ಅಕ್ಕಿಯ ಬಿಲ್ಲೆಗೆ ಹೋಲಿಸಿ ಕರುಮುರು ತಿನ್ನುತ್ತಾರೆ. ಅದರ ಜೊತೆಗೆ ಎಣ್ಣೆಗಾಯಿ ಮಾಡಿ. ಜಪಾನಿನ ‘ನಾಸು’ ಎಂಬ ಬದನೆಕಾಯಿ ತೆಳುಸಿಪ್ಪೆಯದು, ಬೀಜ ಕಡಿಮೆ, ಬೇಗ ಬೇಯುತ್ತದೆ. ಶೇಂಗಾ ಆಗದಿದ್ದರೆ ಎಳ್ಳಿನ ಪುಡಿ ತುಂಬಿ, ಎಳ್ಳು ಅವರಿಗೆ ಪರಿಚಿತ, ಆದರೂ ಅದನ್ನೂ ಒಂದು ಮಾತು ಕೇಳಿ. ಖಾರದ ಪುಡಿಯನ್ನು ಮನೆಯಲ್ಲಿ ಹಾಕುವುದರ ಕಾಲುಭಾಗ ಹಾಕಿ, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಪೂರ್ತಿ ಕೈಬಿಡಿ. ಮುಚ್ಚಿದ ಕಿಟಕಿಗಳ ಆ ಚಿಕ್ಕ ಮನೆಯಲ್ಲಿ ಒಗ್ಗರಣೆಯ ಘಾಟಿಗೆ ಎಲ್ಲರೂ ಕೆಮ್ಮುತ್ತ ಹೊರಗೆ ಓಡಬೇಕಾಗುತ್ತದೆ. ಅವರ ಅಕ್ಕಿ ಅಂಟಂಟಾಗಿ ಬೇಯುವುದರಿಂದ ಚಿತ್ರಾನ್ನ ಉದುರುದುರಾಗಿ ಬರುವುದಿಲ್ಲವೆಂಬುದನ್ನೂ ತಿಳಿದಿರಿ.

ಮಾತು

ಭಾಷೆಯ ಭಯ ನಮ್ಮವರಿಗೆ ಇರಬೇಕಾದದ್ದಕ್ಕಿಂತ ಹೆಚ್ಚು ಇರುತ್ತದೆ. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವವರಿಗೆ ವಾಕ್ಯವೆಲ್ಲ ತಲೆಕೆಳಗಾಗಿ ಕಾಣುತ್ತದೆ, ಕನ್ನಡದ ಮೂಲಕ ಯೋಚಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. ‘ಕಲಬುರಗಿ ಕರಾ ಕಿಮಾಶಿತಾ’ ಎಂಬಲ್ಲಿ ‘ಕರಾ’ ನಮ್ಮ ‘ಇಂದ’, ‘ಕಿಮಾಶಿತಾ’ ನಮ್ಮ ‘ಬಂದೆ’. ಕ್ರಿಯಾಪದ ನಮ್ಮಲ್ಲಿರುವಂತೆಯೇ ಕೊನೆಗೆ. ಉಚ್ಚಾರಣೆಯಲ್ಲೂ ನಮಗೆ ಅನುಕೂಲವಿದೆ. ‘ಒಬಸಾನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರಗಳಲ್ಲಿ ಬೆಳೆದ ಕಿವಿಗೆ ಈ ವ್ಯತ್ಯಾಸ ತಾನಾಗಿ ಕೇಳುತ್ತದೆ, ನಲವತ್ತರ ಪ್ರಾಯದ ಮನೆಯಾಕೆಯನ್ನು ಅಜ್ಜಿ ಎಂದು ಕರೆಯುವ ಅಪಾಯ ತಪ್ಪುತ್ತದೆ. ಹೆಸರಿನ ಕೊನೆಗೆ ಸೇರಿಸುವ ‘ಸಾನ್’ ನಮ್ಮ ‘ಅವರು’ ಇದ್ದಂತೆ, ನಿಮ್ಮ ಹೆಸರಿಗೆ ನೀವೇ ಅದನ್ನು ಹಚ್ಚಿಕೊಳ್ಳಬಾರದು.

ಭಾರತ ಎಂದ ಕೂಡಲೇ ಅವರು ಕರೀ ಎನ್ನುತ್ತಾರೆ, ಬುದ್ಧ ಎನ್ನುತ್ತಾರೆ. ಬುದ್ಧನ ಮಾತು ಬಂದಾಗ ಕಲಬುರಗಿಯವರಿಗೆ ಹೇಳಿಕೊಳ್ಳಲು ಯಾರಿಗೂ ಇಲ್ಲದ ಒಂದು ಸಂಗತಿಯಿದೆ. ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಗೆದಾಗ ಸಿಕ್ಕ ಸ್ತೂಪದ ಶಿಲ್ಪವೊಂದರಲ್ಲಿ ರಾಜ, ರಾಣಿಯರ ಚಿತ್ರದ ಜೊತೆ ‘ರಾಯ ಅಸೋಕೊ’, ಅಂದರೆ ‘ರಾಜ ಅಶೋಕ’, ಎಂದು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಲಾಗಿದೆ. ಅಶೋಕನ ಹೆಸರು ಜಪಾನಿನಲ್ಲಿ ಶಾಲೆಯ ಚರಿತ್ರೆ ಓದಿದವರಿಗೆ ಗೊತ್ತು. ಹೊರಡುವ ಮೊದಲು ಆ ಶಿಲ್ಪದ ಒಂದು ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡರೆ ರಾತ್ರಿಯ ಮಾತುಕತೆಗೆ ಅದೊಂದೇ ಸಾಕಾಗುತ್ತದೆ. ಕರೀಯ ಮಾತಿಗೆ ಟೋಕಿಯೊದ ಶಿಂಜುಕುವಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸರು 1927ರಲ್ಲಿ ನಕಾಮುರಾಯಾ ಅಂಗಡಿಯ ಮೂಲಕ ಪರಿಚಯಿಸಿದ ಭಾರತೀಯ ಕರೀಯ ಕತೆ ಹೊಂದುತ್ತದೆ.

ಊರಿಗೆ ವಿಡಿಯೊ ಕರೆ ಮಾಡಿ ಎರಡೂ ಕುಟುಂಬಗಳನ್ನು ಮುಖಾಮುಖಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಅವರ ರಾತ್ರಿ ಎಂಟಕ್ಕೆ ನಮ್ಮಲ್ಲಿ ಸಂಜೆ ನಾಲ್ಕೂವರೆ. ಹತ್ತು ನಿಮಿಷಕ್ಕೆ ಮುಗಿಸಿ, ಮತ್ತು ಮನೆಯವರಿಗೆ ಮೊದಲೇ ಹೇಳಿಡಿ: ದೂರ ಹೆಚ್ಚಾದಷ್ಟೂ ದನಿ ಏರಿಸಬೇಕಾಗಿಲ್ಲ. ಮಕ್ಕಳ ಮುಖವಿರುವ ಚಿತ್ರಗಳನ್ನು ಕೇಳದೆ ಎಲ್ಲಿಯೂ ಹಾಕಬೇಡಿ.

ಹೊರಡುವ ಬೆಳಗು ಮತ್ತು ಆನಂತರ

ಭಾನುವಾರ ಎದ್ದ ಮೇಲೆ ಹಾಸಿಗೆಯನ್ನು ಮೂರು ಮಡಿಕೆ ಮಾಡಿ ಮೂಲೆಯಲ್ಲಿಡಿ, ಹೊದಿಕೆಗಳನ್ನು ಬೇರೆ ಇಡಿ. ಕಸವನ್ನು ಉರಿಯುವುದು, ಉರಿಯದ್ದು, ಬಾಟಲಿ, ಡಬ್ಬಿ ಎಂದು ಬೇರೆ ಬೇರೆ ಹಾಕುವ ನಿಯಮ ಊರಿಂದೂರಿಗೆ ಬದಲಾಗುವುದರಿಂದ, ತೋಚಿದ ಬುಟ್ಟಿಗೆ ಹಾಕುವ ಬದಲು ಕೇಳಿ ಹಾಕಿ. ಹಾಸ್ಟೆಲ್ ತಲುಪಿದ ಕೂಡಲೇ, ಅದೇ ರಾತ್ರಿ, ಕ್ಷೇಮವಾಗಿ ತಲುಪಿದೆನೆಂದು ಸಂದೇಶ ಕಳಿಸಬೇಕು, ಅದು ಬರುವವರೆಗೆ ಅವರು ಕಾಯುತ್ತಾರೆ.

ಸಂದೇಶದಿಂದ ಋಣ ತೀರುವುದಿಲ್ಲ. ಒಂದು ವಾರದೊಳಗೆ ಕೈಬರಹದ ಪತ್ರ ಹೋಗಬೇಕು. ಅದರಲ್ಲಿ ‘ಎಲ್ಲವೂ ಚೆನ್ನಾಗಿತ್ತು’ ಎಂಬ ಮಾತಿಗಿಂತ, ಮನೆಯಾಕೆ ಕೊಂಬು ದಾಶಿಯಿಂದ ಬೇರೆಯಾಗಿ ಮಾಡಿಕೊಟ್ಟ ಸೂಪು, ಅಜ್ಜ ಕಲಿಸಿದ ಕಾಗದದ ಕೊಕ್ಕರೆ ಎಂದು ಹೆಸರಿಟ್ಟು ನೆನೆಯುವ ಎರಡು ಸಾಲು ಹೆಚ್ಚು ಬೆಲೆಯುಳ್ಳವು. ಜಪಾನಿ ವಿಳಾಸ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ಮೊದಲು ಏಳು ಅಂಕಿಗಳ ಅಂಚೆ ಸಂಖ್ಯೆ, ನಂತರ ಪ್ರಾಂತ್ಯ, ನಗರ, ಓಣಿ, ಮನೆ, ಕೊನೆಗೆ ಹೆಸರು ಮತ್ತು ಗೌರವಸೂಚಕ ‘ಸಾಮಾ’. ವರ್ಷದ ಕೊನೆಗೆ ಇನ್ನೂ ಅಲ್ಲೇ ಇದ್ದರೆ ‘ನೆಂಗಾಜೊ’ ಎಂಬ ಹೊಸವರ್ಷದ ಕಾರ್ಡನ್ನು ಡಿಸೆಂಬರ್ 15ರಿಂದ 25ರೊಳಗೆ ಅಂಚೆಗೆ ಹಾಕಿ, ಆಗ ಅದು ಜನವರಿ 1ರಂದೇ ಅವರ ಮನೆ ಸೇರುತ್ತದೆ. ಓದು ಮುಗಿಸಿ ಊರಿಗೆ ಬಂದ ಮೇಲೆ ಬರೆಯುವವರು ದೇಶದ ಹೆಸರನ್ನು ರೋಮನ್ ಲಿಪಿಯಲ್ಲಿ ದೊಡ್ಡದಾಗಿ ಬರೆದು, ಉಳಿದದ್ದನ್ನು ಅವರ ಲಿಪಿಯಲ್ಲೇ ಬರೆಯಬಹುದು. ಹಿಂಬದಿಯಲ್ಲಿ ನಿಮ್ಮ ವಿಳಾಸವನ್ನೂ ಪಿನ್‌ಕೋಡ್ ಸಮೇತ, ಕಲಬುರಗಿಯಾದರೆ 585101 ಎಂದು, ಬಿಡಿ ಬಿಡಿ ಅಂಕಿಗಳಲ್ಲಿ ಸ್ಪಷ್ಟವಾಗಿ ಬರೆಯಿರಿ. ಅವರು ಅದನ್ನು ನೋಡಿಯೇ ಉತ್ತರದ ಲಕೋಟೆಯ ಮೇಲೆ ಒಂದೊಂದೇ ಅಂಕಿ ನಕಲು ಮಾಡುತ್ತಾರೆ.